ಬಾಡಿಗೆ ಕ್ಯಾರವಾನ್ ಹತ್ತುವ ಮುಂಚೆ ಟಾಯ್ಲೆಟ್‌ನ ಫ್ಯೂಸ್ ತೆಗೆದು ನೋಡಿ

ವಯಸ್ಸಾದ ಅಪ್ಪ ಅವ್ವನನ್ನೋ ಸಣ್ಣ ಮಕ್ಕಳನ್ನೋ ಕರ್ಕೊಂಡು, ಹಾಸಿಗೆ, ಅಡುಗೆ, ಟಾಯ್ಲೆಟ್ ಎಲ್ಲಾ ಒಳಗೇ ಇರುವ ಬಾಡಿಗೆ ಕ್ಯಾರವಾನ್‌ನಲ್ಲಿ ಹೊರಡುವ ಯೋಚನೆ ಇದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ನಮಗೆ ಕೊಟ್ಟ ಗಾಡಿಯಲ್ಲಿ ಟಾಯ್ಲೆಟ್ ಫ್ಲಶ್‌ನ ಫ್ಯೂಸ್ ಇರಬೇಕಾದ ಜಾಗದಲ್ಲಿ ತಾಮ್ರದ ತಂತಿ ಸುತ್ತಿದ್ದರು. ಅದು ಕಣ್ಣಿಗೆ ಬೀಳುವಷ್ಟರಲ್ಲಿ ಒಳಗಿನ ಕನೆಕ್ಟರ್ ಕರಗಿ ಹೋಗಿತ್ತು. ಅದೇ ಗೋಡೆಯ ಆಚೆ ಬದಿಗೆ ಅಡುಗೆ ಗ್ಯಾಸ್ ಸಿಲಿಂಡರ್ ಇತ್ತು. ಬೇಡದ ಮೋಟಾರಿಗೆ ದುಡ್ಡು ಸುರಿದದ್ದು ಬೇರೆ. ದುಡ್ಡು ಹೋದರೆ ಹೋಗಲಿ, ಗಾಡಿಯಲ್ಲಿ ಮಲಗಿದ್ದಾಗ ಬೆಂಕಿ ಹತ್ತಿದ್ದರೆ ಏನು ಗತಿ ಅನ್ನೋದು ಈಗಲೂ ತಲೆಯಿಂದ ಹೋಗಿಲ್ಲ.

ಅಪ್ಪನಿಗೆ ಸಕ್ಕರೆ ಕಾಯಿಲೆ. ಮೊಣಕಾಲು ನೋವೂ ಇದೆ, ಕೆಳಗೆ ಕೂರೋಕೆ ಆಗಲ್ಲ. ಕಲಬುರಗಿಯಿಂದ ಮಳಖೇಡ, ಸೇಡಂ, ಚಿಂಚೋಳಿ ಮೇಲೆ ಬೀದರ್‌ಗೆ ಹೋಗಿ, ಬರುವಾಗ ಬಸವಕಲ್ಯಾಣ ನೋಡಿಕೊಂಡು ವಾಪಸ್ ಬರಬೇಕು ಅನ್ನೋದು ಅವರ ಬಹಳ ದಿನದ ಆಸೆ. ಆ ದಾರಿಯಲ್ಲಿ ಅವರಿಗೆ ಬೇಕಾದಾಗೆಲ್ಲ ಸ್ವಚ್ಛವಾದ ಕಮೋಡ್ ಎಲ್ಲಿ ಹುಡುಕುವುದು? ಅದಕ್ಕೇ ಹೈದರಾಬಾದ್ ಕಡೆಯ ಒಬ್ಬರಿಂದ ಕ್ಯಾರವಾನ್ ಬಾಡಿಗೆಗೆ ತಂದೆವು. ಅಂದರೆ ನಾವು ದುಡ್ಡು ಕೊಟ್ಟದ್ದೇ ಆ ಟಾಯ್ಲೆಟ್‌ಗೋಸ್ಕರ.

ಈ ಟಾಯ್ಲೆಟ್ ಮನೆಯದರ ತರ ಅಲ್ಲ. ಕಮೋಡ್‌ನ ಪಕ್ಕದಲ್ಲೇ ಒಂದು ಸಣ್ಣ ನೀರಿನ ಟ್ಯಾಂಕ್ ಇರುತ್ತದೆ. ಅದರೊಳಗೆ 12 ವೋಲ್ಟ್‌ನ ಪುಟ್ಟ ಮೋಟಾರ್. ಬಟನ್ ಒತ್ತಿದರೆ ಗಾಡಿಯ ಒಳಗಿನ ಬ್ಯಾಟರಿಯಿಂದ ಕರೆಂಟ್ ಬಂದು ಮೋಟಾರ್ ತಿರುಗುತ್ತದೆ, ನೀರು ಬರುತ್ತದೆ. ಕಮೋಡ್‌ನ ಕೆಳಗೆ ಹೊಲಸು ಸೇರುವ ಡಬ್ಬಿ, ಕ್ಯಾಸೆಟ್ ಅಂತಾರೆ, ಸುಮಾರು 18–20 ಲೀಟರ್ ಹಿಡಿಯುತ್ತದೆ. ಅದನ್ನು ಗಾಡಿಯ ಹೊರಗಿನ ಸಣ್ಣ ಬಾಗಿಲಿನಿಂದ ಎಳೆದು ತೆಗೆದು ಖಾಲಿ ಮಾಡಬೇಕು. ನಮ್ಮ ಗಾಡಿಯಲ್ಲಿ ಫ್ಯೂಸ್ ಇದ್ದದ್ದೂ ಅದೇ ಬಾಗಿಲೊಳಗೆ, ಕ್ಯಾಸೆಟ್ ಹೊರಗೆ ಎಳೆದರೆ ಮಾತ್ರ ಕಾಣುವಂಥ ಜಾಗದಲ್ಲಿ. ಗಾಡಿ ಕೊಡುವಾಗ ಎಸಿ ತೋರಿಸಿದರು, ಟಿವಿ ತೋರಿಸಿದರು, ಹಾಸಿಗೆ ಮಡಚುವುದು ತೋರಿಸಿದರು. ಈ ಬಾಗಿಲು ಮಾತ್ರ ತೆಗೆಯಲಿಲ್ಲ.

ಚಿಂಚೋಳಿ ದಾಟಿದ ಮೇಲೆ ಫ್ಲಶ್ ಸೊರಗಿತು. ಬಟನ್ ಒತ್ತಿದರೆ ಒಳಗೆ ಗುಂಯ್ ಅನ್ನುತ್ತಿತ್ತು, ನೀರು ಮಾತ್ರ ಬರುತ್ತಿರಲಿಲ್ಲ. ಆಮೇಲೆ ಆ ಸದ್ದೂ ನಿಂತಿತು. ಗಾಡಿಯವರಿಗೆ ಫೋನ್ ಮಾಡಿದರೆ, "ಜೋರಾಗಿ ಒತ್ತಿ ಹಿಡೀರಿ, ಬರ್ತದೆ" ಅಂದರು. ಈ ಮಾತನ್ನು ಮಾತ್ರ ಯಾರು ಹೇಳಿದರೂ ಕೇಳಬೇಡಿ. ಮೋಟಾರ್ ಸಿಕ್ಕಿಹಾಕಿಕೊಂಡು ತಿರುಗದೇ ಇರುವಾಗ ಬಟನ್ ಒತ್ತಿ ಹಿಡಿದರೆ ಅದು ಮಾಮೂಲಿಗಿಂತ ಜಾಸ್ತಿ ಕರೆಂಟ್ ಎಳೆಯುತ್ತದೆ. ಆಗ ಸುಟ್ಟು ಹೋಗಿ ವೈರ್ ಉಳಿಸಲಿ ಅಂತಲೇ ಫ್ಯೂಸ್ ಇಟ್ಟಿರೋದು. ಫ್ಯೂಸ್ ಇಲ್ಲದಿದ್ದರೆ ಬಿಸಿಯೆಲ್ಲ ವೈರ್ ಮೇಲೆ.

ಬೀದರ್ ಮುಟ್ಟಿದ ಮೇಲೆ ಒಬ್ಬ ಮೆಕ್ಯಾನಿಕ್‌ನನ್ನು ಕರೆಸಿದೆವು. ಕೈಯಲ್ಲಿ ವೋಲ್ಟ್ ನೋಡುವ ಮೀಟರ್ ಇಲ್ಲ, ಕರೆಂಟ್ ಪರೀಕ್ಷಿಸುವ ಟೆಸ್ಟ್ ಲ್ಯಾಂಪ್ ಇಲ್ಲ. ಬಟನ್ ಒತ್ತಿ ನೋಡಿದ ಕೂಡಲೇ, "ಮೋಟಾರ್ ಹೋಗ್ಯಾದ್ರಿ ಸರ್. ಕಂಪನಿ ಮಾಲ್ ಇಲ್ಲಿ ಸಿಗಂಗಿಲ್ಲ, ಬ್ಯಾರೆದು ಕೂಡಿಸ್ತೀನಿ" ಅಂದ. "ಕರೆಂಟ್ ಬರ್ತಾ ಇದೆಯಾ ನೋಡಪ್ಪ" ಅಂದದ್ದಕ್ಕೆ, "ಇದ್ರಾಗ ನೋಡಲಕ ಏನದ್ರಿ" ಅಂದುಬಿಟ್ಟ. ಕಾರಿನ ಗಾಜು ತೊಳೆಯೋ ನೀರಿನ ಮೋಟಾರ್ ತಂದು ಕೂರಿಸಿ ನಾಲ್ಕು ಸಾವಿರ ತಗೊಂಡ. ಅಂಥ ಮೋಟಾರಿಗೆ ಇದು ಬಹಳ ಜಾಸ್ತಿ. ಆದರೆ ಅಪ್ಪ ಗಾಡಿಯಲ್ಲಿ ಕಾಯುತ್ತಾ ಕೂತಿದ್ದರು, ಚೌಕಾಸಿ ಮಾಡುವ ಹೊತ್ತು ಅದಾಗಿರಲಿಲ್ಲ. ಹಳೇ ಮೋಟಾರನ್ನು ಮಾತ್ರ ಕೇಳಿ ಇಸ್ಕೊಂಡೆವು. ನೀವೂ ಇಸ್ಕೊಳ್ಳಿ. ಆ ಮೋಟಾರ್ ಕೈಯಲ್ಲಿ ಇದ್ದದ್ದರಿಂದಲೇ ಕೊನೆಗೆ ನಿಜ ಹೊರಗೆ ಬಂತು.

ಹೊಸ ಮೋಟಾರ್ ನೀರು ಎತ್ತುತ್ತಿತ್ತು, ಆದರೆ ನಿಧಾನಕ್ಕೆ. ಕೋಟೆ ನೋಡಿ, ಗವಾನನ ಮದರಸಾ ನೋಡಿ, ಮರುದಿನ ಹುಮನಾಬಾದ್ ದಾರಿ ಹಿಡಿದಾಗ ಅದೂ ನಿಂತಿತು. ಹಳ್ಳಿಖೇಡದ ಹತ್ತಿರ ಅವ್ವ, "ಏನೋ ಸುಟ್ಟ ವಾಸನಿ ಬರಲಕತ್ತದ ನೋಡೋ" ಅಂದಳು. ಪ್ಲಾಸ್ಟಿಕ್ ಸುಟ್ಟ ವಾಸನೆ. ಗಾಡಿ ನಿಲ್ಲಿಸಿ ಎಲ್ಲರನ್ನೂ ಕೆಳಗಿಳಿಸಿ, ಸಿಲಿಂಡರ್ ಬಂದ್ ಮಾಡಿ, ಬ್ಯಾಟರಿಯ ಮೇನ್ ಸ್ವಿಚ್ ತೆಗೆದೆವು. ವಾಸನೆ ಪೂರ್ತಿ ಹೋದ ಮೇಲೆ ಆ ಸ್ವಿಚ್ ಹಾಕದೇ ಹಾಗೇ ಹುಮನಾಬಾದ್ ಮುಟ್ಟಿದೆವು.

ಹುಮನಾಬಾದ್‌ನಲ್ಲಿ ಹೈದರಾಬಾದ್–ಸೊಲ್ಲಾಪುರ ಹೆದ್ದಾರಿಗೆ ನಮ್ಮ ಬೀದರ್–ಕಲಬುರಗಿ ರಸ್ತೆ ಕೂಡುತ್ತದೆ. ಲಾರಿ ಜಾಸ್ತಿ, ಹಾಗಾಗಿ ವೈರಿಂಗ್ ಕೆಲಸ ಗೊತ್ತಿರುವವರೂ ಸಿಗುತ್ತಾರೆ. ಅಲ್ಲಿ ಒಬ್ಬ ವಯಸ್ಸಾದ ಆಟೋ ಎಲೆಕ್ಟ್ರಿಷಿಯನ್ ಸಿಕ್ಕರು. ಎಲ್ಲರೂ ಅವರನ್ನು ಕಾಕಾ ಅಂತಲೇ ಕರೆಯೋದು. ಅವರು ಮೋಟಾರ್ ಮುಟ್ಟಲೇ ಇಲ್ಲ. ಮೊದಲು ಬ್ಯಾಟರಿಗೆ ಮೀಟರ್ ಹಿಡಿದರು, 12.6 ವೋಲ್ಟ್ ಇತ್ತು, ಅಂದರೆ ಬ್ಯಾಟರಿ ಸರಿ ಇತ್ತು. ಆಮೇಲೆ ಮೋಟಾರಿನ ವೈರ್ ಬಿಚ್ಚಿ, ನಮ್ಮ ಹುಡುಗನಿಗೆ ಬಟನ್ ಒತ್ತೋಕೆ ಹೇಳಿ, ವೈರ್ ತುದಿಗೆ ಮೀಟರ್ ಹಿಡಿದರು. ಅಲ್ಲೂ 12ರ ಮೇಲೇ ತೋರಿಸಿತು. ಬೇರೆ ಯಾರಾದರೂ ಆಗಿದ್ದರೆ ಕರೆಂಟ್ ಸರಿ ಇದೆ, ಮೋಟಾರೇ ಕೆಟ್ಟಿದೆ ಅಂತ ಇನ್ನೊಂದು ಮೋಟಾರ್ ಕೂರಿಸುತ್ತಿದ್ದರು. ಕಾಕಾ ಅದೇ ತುದಿಗೆ ಸ್ಕೂಟರ್ ಇಂಡಿಕೇಟರ್‌ನ ಬಲ್ಬ್ ಕಟ್ಟಿದ ಟೆಸ್ಟ್ ಲ್ಯಾಂಪ್ ಹಾಕಿದರು. ಬಲ್ಬಿನ ತಂತಿ ಕೆಂಪಗೆ ಮಿಣುಕಿತು ಅಷ್ಟೇ, ಬೆಳಗಲಿಲ್ಲ. ಬಲ್ಬ್ ಹೊತ್ತಿದ್ದಾಗ ಮೀಟರ್ 5ರ ಆಸುಪಾಸಿಗೆ ಇಳಿದಿತ್ತು. "ಕರೆಂಟ್ ಬರಲಕತ್ತದ ತಮ್ಮಾ, ಆದ್ರ ಅದರಾಗ ದಮ್ ಇಲ್ಲ. ನಡುವ ಎಲ್ಲೋ ತಿಂದದ" ಅಂದರು.

ಇದು ಎಲ್ಲರಿಗೂ ಗೊತ್ತಿರಬೇಕಾದ ವಿಷಯ. ಮೀಟರ್ ಬಹಳ ಕಮ್ಮಿ ಕರೆಂಟ್ ತಗೊಳ್ಳುತ್ತದೆ, ಹಾಗಾಗಿ ಸುಟ್ಟು ಸಡಿಲವಾದ ಜಾಯಿಂಟ್ ಮೂಲಕವೂ ಪೂರ್ತಿ ವೋಲ್ಟ್ ತೋರಿಸುತ್ತದೆ. ಬಲ್ಬ್ ಅಥವಾ ಮೋಟಾರ್ ಜೋಡಿಸಿ ಭಾರ ಹಾಕಿದಾಗ ಮಾತ್ರ ಜಾಯಿಂಟ್‌ನ ಬಣ್ಣ ಬಯಲಾಗುತ್ತದೆ.

ಕಾಕಾ ಕ್ಯಾಸೆಟ್ ಎಳೆದು ಒಳಗೆ ಟಾರ್ಚ್ ಹಾಕಿದರು. ಫ್ಯೂಸ್ ಹೋಲ್ಡರ್ ಮೇಲೆ 3 ಆಂಪಿಯರ್ ಅಂತ ಅಚ್ಚಾಗಿತ್ತು. ಒಳಗಿದ್ದ ಗಾಜಿನ ಫ್ಯೂಸ್ ಯಾವಾಗಲೋ ಸುಟ್ಟು ಕಪ್ಪಾಗಿತ್ತು, ಅದರ ಮೇಲೆ ತಾಮ್ರದ ಎಳೆಗಳನ್ನು ಒಂದರ ಮೇಲೊಂದು ಸುತ್ತಿ ಎರಡೂ ತುದಿಗೆ ಬಿಗಿದಿದ್ದರು. ತಾಮ್ರಕ್ಕೆ ಹಸಿರು ಕಿಲುಬು ಹತ್ತಿತ್ತು, ಅಂದರೆ ಇದು ನಿನ್ನೆ ಮೊನ್ನೆಯ ಕೆಲಸ ಅಲ್ಲ. ಅದರ ಆಚೆಯ ಬಿಳಿ ಕನೆಕ್ಟರ್ ಒಂದು ಬದಿಗೆ ಕರಗಿ ಜೋಲು ಬಿದ್ದಿತ್ತು. ಒಳಗಿನ ಪಿನ್ ಕಪ್ಪಗಾಗಿ ಅಲುಗಾಡುತ್ತಿತ್ತು. ಬೀದರ್‌ನವನು ಇಷ್ಟು ಹತ್ತಿರ ಕೈ ಹಾಕಿದ್ದ, ಇದನ್ನು ನೋಡಲೇ ಇಲ್ಲ.

ಕರಗಿದ ಭಾಗ ಕತ್ತರಿಸಿ, ಹೊಸ ಕನೆಕ್ಟರ್ ಹಾಕಿ, ಸರಿಯಾದ 3 ಆಂಪಿಯರ್ ಫ್ಯೂಸ್ ಕೂರಿಸಿದರು. ಆಮೇಲೆ ನಮ್ಮ ಹಳೇ ಮೋಟಾರ್ ಕೇಳಿದರು. ಅದರ ತಳದ ಮುಚ್ಚಳ ಬಿಚ್ಚಿದರೆ, ನೀರು ತಳ್ಳುವ ಪುಟ್ಟ ಚಕ್ರದ ಸುತ್ತ ಸುಣ್ಣದ ಪದರ ಗಟ್ಟಿಯಾಗಿ ಕೂತಿತ್ತು. ಬೆರಳಿಂದ ತಿರುಗಿಸಿದರೂ ತಿರುಗಲಿಲ್ಲ. ಬಿಸಿನೀರಿಗೆ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್ ಪುಡಿ) ಹಾಕಿ ನೆನೆಯಲು ಬಿಟ್ಟರು. ಗುಳ್ಳೆ ಏಳುತ್ತಾ ಪದರ ಬಿಟ್ಟಿತು. ಹಳೇ ಬ್ರಷ್‌ನಿಂದ ತಿಕ್ಕಿ, ಬಕೆಟ್ ನೀರಲ್ಲಿ ಮುಳುಗಿಸಿ ಬ್ಯಾಟರಿಗೆ ಹಿಡಿದರೆ ನೀರು ಚಿಮ್ಮಿತು. ಮೋಟಾರ್ ಕೆಟ್ಟೇ ಇರಲಿಲ್ಲ! ಅದನ್ನೇ ವಾಪಸ್ ಕೂರಿಸಿದೆವು, ಮುಂದಿನ ದಾರಿಗೆಲ್ಲ ತೊಂದರೆ ಕೊಡಲಿಲ್ಲ.

ಸುಣ್ಣ ಎಲ್ಲಿಂದ ಬಂತು ಅಂತ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಸೇಡಂ, ಶಹಾಬಾದ್, ಚಿತ್ತಾಪುರ ಎಲ್ಲಾ ಸುಣ್ಣಕಲ್ಲಿನ ನೆಲ. ಅದಕ್ಕೇ ಅಲ್ಲಿ ಸಿಮೆಂಟ್ ಕಾರ್ಖಾನೆ ಇರೋದು, ಅದಕ್ಕೇ ಊರೂರಿಗೆ ಶಹಾಬಾದ್ ಕಲ್ಲು ಹೋಗೋದು. ಅಂಥ ಕಡೆ ಬೋರ್ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪದರ ಕೂರುತ್ತದಲ್ವಾ, ಅದೇ ಪದರ ಈ ಮೋಟಾರಿನಲ್ಲೂ ಕೂರುತ್ತದೆ. ಇಷ್ಟು ದಪ್ಪ ಪದರ ಒಂದು ಪ್ರಯಾಣದಲ್ಲಿ ಆಗುವಂಥದ್ದಲ್ಲ. ಸಿಕ್ಕ ಸಿಕ್ಕಲ್ಲಿ ಬೋರ್ ನೀರು ತುಂಬಿಸಿ, ಪ್ರಯಾಣ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡದೇ ಬಿಸಿಲಲ್ಲಿ ಗಾಡಿ ನಿಲ್ಲಿಸಿದರೆ ಹೀಗಾಗುತ್ತದೆ. ಸಾಧ್ಯವಾದರೆ ಫ್ಲಶ್ ಟ್ಯಾಂಕ್‌ಗೆ ಫಿಲ್ಟರ್ ನೀರು ಹಾಕಿ. ಒಂದು ಕ್ಯಾನ್ ನೀರಿನಲ್ಲಿ ಬಹಳ ಸಲ ಫ್ಲಶ್ ಮಾಡಬಹುದು.

ಸುಣ್ಣ ತೆಗೆಯೋಕೆ ಟಾಯ್ಲೆಟ್ ಆಸಿಡ್ ಸುರಿಯಬೇಡಿ. ಗಾಡಿ ಕೊಟ್ಟವರು ನಮಗೆ ಫೋನ್‌ನಲ್ಲಿ ಆಸಿಡ್ ಸುರಿಯಿರಿ ಅಂತಲೂ ಹೇಳಿದ್ದರು. ಆಸಿಡ್ ರಬ್ಬರ್ ಸೀಲ್ ಹಾಳು ಮಾಡುತ್ತದೆ, ಸೀಲ್ ಹೋದರೆ ಕ್ಯಾಸೆಟ್‌ನ ವಾಸನೆ ಮಲಗುವ ಜಾಗಕ್ಕೆ ಬರುತ್ತದೆ. ಅದಕ್ಕಿಂತ ದೊಡ್ಡ ಅಪಾಯ, ಮುಂಚೆ ಯಾರಾದರೂ ಬ್ಲೀಚಿಂಗ್ ಪೌಡರ್ ಹಾಕಿದ್ದರೆ ಆಸಿಡ್ ಸೇರಿದ ಕೂಡಲೇ ಕ್ಲೋರಿನ್ ಗ್ಯಾಸ್ ಏಳುತ್ತದೆ. ಆ ಸಣ್ಣ ಕೋಣೆಯಲ್ಲಿ ಅದನ್ನು ಉಸಿರಾಡಿದರೆ ಜೀವಕ್ಕೇ ಕುತ್ತು.

ಗಾಡಿ ತಗೊಳ್ಳುವಾಗ ಕ್ಯಾಸೆಟ್ ಎಳೆಸಿ ಫ್ಯೂಸ್ ತೆಗೆದು ನೋಡಿ. ಅದರ ಮೇಲೆ ಬರೆದಿರುವ ಆಂಪಿಯರ್ ಹೋಲ್ಡರ್ ಮೇಲಿನದಕ್ಕೆ ತಾಳೆ ಆಗಬೇಕು. ತಂತಿ, ಬೆಳ್ಳಿ ಕಾಗದ, ದೊಡ್ಡ ಫ್ಯೂಸ್ ಯಾವುದಿದ್ದರೂ ಆ ಗಾಡಿ ಬೇಡ ಅನ್ನಿ. ಫ್ಲಶ್ ಟ್ಯಾಂಕ್ ತುಂಬಿಸಿ ಅವರ ಎದುರೇ ಹಲವು ಸಲ ಒತ್ತಿ ನೋಡಿ. ನೀರಿಲ್ಲದೆ ಒತ್ತಬೇಡಿ, ಒಣ ಮೋಟಾರ್ ಬೇಗ ಕೆಡುತ್ತದೆ. ಅದೇ ಅಳತೆಯ ನಾಲ್ಕಾರು ಫ್ಯೂಸ್, ಒಂದು ಟೆಸ್ಟ್ ಲ್ಯಾಂಪ್ ಜೊತೆಗಿರಲಿ, ದೊಡ್ಡ ಖರ್ಚಲ್ಲ. ಹೊಸ ಫ್ಯೂಸ್ ಹಾಕಿದ ಕೂಡಲೇ ಮತ್ತೆ ಸುಟ್ಟರೆ ಅಲ್ಲಿಗೇ ನಿಲ್ಲಿಸಿ. ಮೋಟಾರ್ ಸಿಕ್ಕಿಕೊಂಡಿದೆ ಅಥವಾ ವೈರ್ ಎಲ್ಲೋ ತಾಗಿದೆ ಅಂತ ಅರ್ಥ.

ಫ್ಲಶ್ ಕೆಟ್ಟರೂ ಟಾಯ್ಲೆಟ್ ಬಳಸಬಹುದು, ಗಾಬರಿ ಆಗಬೇಡಿ. ಕಮೋಡ್‌ನ ಕೆಳಗಿನ ಮುಚ್ಚಳ ತೆರೆದು ಮಗ್‌ನಿಂದ ನೀರು ಹಾಕಿದರೆ ಸಾಕು. ನಾವೂ ಹಾಗೇ ನಡೆಸಿದೆವು. ಮಗ್‌ನಲ್ಲಿ ನೀರು ಜಾಸ್ತಿ ಹೋಗುತ್ತದೆ, ಕ್ಯಾಸೆಟ್ ಬೇಗ ತುಂಬುತ್ತದೆ. ಕೆಂಪು ದೀಪ ಬಂದ ಮೇಲೆ ಒಂದು ಸಲವೂ ಬಳಸದೇ ಖಾಲಿ ಮಾಡಿ. ಪೆಟ್ರೋಲ್ ಬಂಕ್‌ನವರನ್ನು ಕೇಳಿ ಅವರ ಕಮೋಡ್‌ಗೆ ಹಾಕಿ ನೀರು ಹೊಡೆಯಿರಿ. ದಯವಿಟ್ಟು ಹಳ್ಳಕ್ಕೆ, ಹೊಲದ ಬದಿಗೆ ಸುರಿಯಬೇಡಿ.

ಗಾಡಿ ವಾಪಸ್ ಕೊಡುವಾಗ ಕರಗಿದ ಕನೆಕ್ಟರ್, ತಂತಿ ಸುತ್ತಿದ ಫ್ಯೂಸ್ ಎರಡನ್ನೂ ತೋರಿಸಿದೆವು. ನಾವೇ ಕೆಡಿಸಿದ್ದೇವೆ ಅಂತ ಡಿಪಾಸಿಟ್ ಹಿಡಿದುಕೊಂಡರು. ಕಾಕಾ ತಾವು ಮಾಡಿದ ಕೆಲಸವನ್ನು ಚೀಟಿಯಲ್ಲಿ ಬರೆದು ಸಹಿ ಹಾಕಿ ಕೊಟ್ಟಿದ್ದರು. ಎಲ್ಲದರ ಫೋಟೊ ಇದೆ, ಆ ಎರಡು ಸಾಮಾನೂ ನಮ್ಮ ಹತ್ತಿರವೇ ಇವೆ. ರಾಷ್ಟ್ರೀಯ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿದ್ದೇವೆ. ಮುಂದೆ ಕಲಬುರಗಿಯ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇವೆ. 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆ ಪ್ರಕಾರ ನಾವು ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಗಾಡಿಯವರ ಊರಿಗೆ ಅಲೆಯಬೇಕಿಲ್ಲ. ಎರಡು ವರ್ಷದೊಳಗೆ ಕೊಡಬೇಕು. ಕೊಟ್ಟ ಹಣ 5 ಲಕ್ಷದೊಳಗೆ ಇದ್ದರೆ ಶುಲ್ಕವೂ ಇಲ್ಲ. ಇದೇ ತರ ಗಾಡಿ ಸಿಕ್ಕು ಡಿಪಾಸಿಟ್ ಕಳೆದುಕೊಂಡವರು ಯಾರಾದರೂ ಇದ್ದರೆ ಬಿಲ್ ಮತ್ತು ಫೋಟೊ ಜೋಪಾನವಾಗಿ ಇಟ್ಟುಕೊಂಡು ದೂರು ಕೊಡಿ. ಆ ಗಾಡಿ ಈಗಲೂ ಬಾಡಿಗೆಗೆ ಓಡಾಡುತ್ತಿದೆ.