ಅಪ್‌ಡೇಟ್ ನಿಲ್ಲಿಸಿ ಕಂಪ್ಯೂಟರ್ ನಡೆಸುತ್ತಿರುವವರು ದಯವಿಟ್ಟು ಓದಬೇಕು

ತೀರ್ಥಹಳ್ಳಿಯಲ್ಲಿ ಹದಿನಾರು ವರ್ಷಗಳಿಂದ ಡಿಟಿಪಿ ಮತ್ತು ಮುದ್ರಣದ ಕೆಲಸ ಮಾಡಿಕೊಂಡು ಬಂದಿದ್ದೇನೆ. ಕಳೆದ ಆಗಸ್ಟ್ ತಿಂಗಳ ಕೊನೆಯ ವಾರದಲ್ಲಿ ನಮ್ಮ ಅಂಗಡಿಯ ಮೂರು ಕಂಪ್ಯೂಟರುಗಳಲ್ಲಿದ್ದ ಫೈಲುಗಳೆಲ್ಲ ಒಂದೇ ರಾತ್ರಿಯಲ್ಲಿ ಕೈತಪ್ಪಿ ಹೋದವು. ಶಿವಮೊಗ್ಗ, ಸಾಗರ, ಹೊಸನಗರ, ಕೊಪ್ಪ ಕಡೆಗಳಲ್ಲಿ ನಮ್ಮಂತೆಯೇ ಡಿಟಿಪಿ ನಡೆಸುವವರು, ಸಹಕಾರ ಸಂಘಗಳ ಲೆಕ್ಕ ಬರೆಯುವವರು, ಅಡಿಕೆ ಮಂಡಿಯ ಬಿಲ್ಲು ಮಾಡುವವರು ನೂರಾರು ಮಂದಿ ಇದ್ದಾರೆ. ಅವರಲ್ಲಿ ಎಷ್ಟೋ ಜನರ ಕಂಪ್ಯೂಟರುಗಳು ಇಂದಿಗೂ ನಮ್ಮದು ಇದ್ದ ಸ್ಥಿತಿಯಲ್ಲೇ ಇರುವುದನ್ನು ನಾನು ಕಣ್ಣಾರೆ ನೋಡಿರುವುದರಿಂದ, ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ಆಗಸ್ಟ್ ಎಂದರೆ ನಮಗೆ ವಾರ್ಷಿಕ ವರದಿಗಳ ಕಾಲ. ಸೆಪ್ಟೆಂಬರಿನಲ್ಲಿ ಸಹಕಾರ ಸಂಘಗಳ ಸರ್ವ ಸದಸ್ಯರ ಸಭೆ ಇರುತ್ತದೆ. ಅದಕ್ಕೆ ಮುಂಚೆ ಪ್ರತಿ ಸಂಘದ ಆಡಳಿತ ವರದಿ, ಜಮಾ-ಖರ್ಚಿನ ತಖ್ತೆ, ಅಂದಾಜು ಆಯವ್ಯಯ ಎಲ್ಲವೂ ಅಚ್ಚಾಗಿ ಸದಸ್ಯರ ಕೈ ಸೇರಬೇಕು. ಆ ಶುಕ್ರವಾರ ಸಂಜೆ ಮಳೆ ಜೋರಾಗಿತ್ತು, ಕರೆಂಟು ನಾಲ್ಕೈದು ಬಾರಿ ಹೋಗಿ ಬಂದಿತ್ತು. ಕೆಲಸದ ನಡುವೆ ದರಪಟ್ಟಿ ಕೇಳಿ ಒಂದು ಈ-ಮೇಲ್ ಬಂದಿತು, ಅದರೊಂದಿಗೆ ಒಂದು ವರ್ಡ್ ಫೈಲ್ ಇತ್ತು. ಇಂಥವು ನಮಗೆ ವಾರಕ್ಕೆ ಹತ್ತು ಬರುತ್ತವೆ. ತೆರೆದಾಗ ಖಾಲಿ ಪುಟ ಕಂಡಿತು. ಕಳುಹಿಸಿದವರು ತಪ್ಪು ಫೈಲ್ ಸೇರಿಸಿರಬಹುದೆಂದು ಭಾವಿಸಿ ಮುಚ್ಚಿದೆ. ಯಾವುದಕ್ಕೂ ಅನುಮತಿ ಕೇಳಲಿಲ್ಲ, ಯಾವ ಎಚ್ಚರಿಕೆಯೂ ಮೂಡಲಿಲ್ಲ. ಸ್ಮರಣ ಸಂಚಿಕೆಯೊಂದರ ದೊಡ್ಡ ಪಿಡಿಎಫ್ ಬೆಂಗಳೂರಿನ ಪ್ರೆಸ್ಸಿಗೆ ನಿಧಾನವಾಗಿ ಅಪ್‌ಲೋಡ್ ಆಗುತ್ತಿದ್ದುದರಿಂದ ಕಂಪ್ಯೂಟರುಗಳನ್ನು ಆರಿಸದೆ ಬಾಗಿಲು ಹಾಕಿಕೊಂಡು ಮನೆಗೆ ಹೋದೆ.

ಬೆಳಿಗ್ಗೆ ಒಂಬತ್ತೂವರೆಗೆ ನಮ್ಮಲ್ಲಿ ಟೈಪಿಂಗ್ ಮಾಡುವ ಹುಡುಗಿ ಫೋನ್ ಮಾಡಿ, "ಅಣ್ಣ, ಯಾವ ಫೈಲೂ ಓಪನ್ ಆಗ್ತಾ ಇಲ್ಲ, ಎಲ್ಲ ಬೆಳ್ಳಗೆ ಕಾಣ್ತಾ ಇದೆ, ಬೇಗ ಬನ್ನಿ" ಎಂದಳು. ಹೋಗಿ ನೋಡಿದರೆ ಪ್ರತಿಯೊಂದು ಫೈಲಿನ ಗುರುತೂ ಬರೀ ಬಿಳಿ ಹಾಳೆಯಾಗಿತ್ತು. ಹೆಸರುಗಳು ಹಾಗೇ ಇದ್ದವು, ಆದರೆ ಪ್ರತಿ ಹೆಸರಿನ ತುದಿಗೆ ಅರ್ಥವಿಲ್ಲದ ಒಂಬತ್ತು ಅಕ್ಷರಗಳ ಬಾಲ ಅಂಟಿಕೊಂಡಿತ್ತು. ಪ್ರತಿ ಫೋಲ್ಡರಿನಲ್ಲೂ ಒಂದೊಂದು ಚೀಟಿ: ನಿಮ್ಮ ಫೈಲುಗಳಿಗೆ ಬೀಗ ಹಾಕಲಾಗಿದೆ, 72 ಗಂಟೆಯೊಳಗೆ ಬಿಟ್‌ಕಾಯಿನ್ ರೂಪದಲ್ಲಿ ಹಣ ಕೊಟ್ಟರೆ ಕೀಲಿ ಸಿಗುತ್ತದೆ, ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಇದನ್ನೇ ರ‍್ಯಾನ್ಸಮ್‌ವೇರ್ ಎನ್ನುವುದು. ಮೂರೂ ಕಂಪ್ಯೂಟರುಗಳ ಫೋಲ್ಡರುಗಳನ್ನು ಪಾಸ್‌ವರ್ಡ್ ಇಲ್ಲದೆ ಪರಸ್ಪರ ಹಂಚಿಕೊಂಡಿದ್ದೆವು. ಆದ್ದರಿಂದ ಒಂದಕ್ಕೆ ಹೊಕ್ಕದ್ದು ಉಳಿದೆರಡಕ್ಕೂ ಕೈಚಾಚಿತ್ತು. ಬ್ಯಾಕಪ್ ಎಂದು ಖರೀದಿಸಿದ ಹೊರಗಿನ ಹಾರ್ಡ್ ಡಿಸ್ಕು ಸದಾ ಮೊದಲ ಕಂಪ್ಯೂಟರಿಗೆ ಸಿಕ್ಕಿಸಿಯೇ ಇರುತ್ತಿತ್ತು. ಅದರಲ್ಲಿದ್ದುದಕ್ಕೂ ಬೀಗ ಬಿದ್ದಿತ್ತು.

ಶಿವಮೊಗ್ಗದಿಂದ ಪರಿಚಿತರೊಬ್ಬರು, ಕಂಪ್ಯೂಟರ್ ಸುರಕ್ಷತೆಯ ಕೆಲಸದಲ್ಲೇ ಇರುವವರು, ಅಂದು ಮಧ್ಯಾಹ್ನ ಬಂದರು. ಎಲ್ಲವನ್ನೂ ಒಂದೊಂದಾಗಿ ಪರಿಶೀಲಿಸಿ ಅವರು ಕೇಳಿದ ಮೊದಲ ಪ್ರಶ್ನೆ, "ಇಲ್ಲಿ ಅಪ್‌ಡೇಟ್ ನಿಲ್ಲಿಸಿದವರು ಯಾರು?" ಎಂಬುದು. ಉತ್ತರ ನನಗೆ ಗೊತ್ತಿತ್ತು. ವರ್ಷಗಳ ಹಿಂದೆ ಕಂಪ್ಯೂಟರುಗಳನ್ನು ಜೋಡಿಸಿಕೊಟ್ಟ ಹುಡುಗ, "ಅಪ್‌ಡೇಟ್ ಆಫ್ ಮಾಡಿ ಕೊಟ್ಟಿದ್ದೀನಿ ಅಣ್ಣ, ಇನ್ನು ಸ್ಲೋ ಆಗಲ್ಲ, ತಲೆಬಿಸಿ ಇಲ್ಲ" ಎಂದಿದ್ದ, ನಾನು ಸಂತೋಷದಿಂದ ಒಪ್ಪಿಕೊಂಡಿದ್ದೆ. ಹಣ ಕೊಡದೆ ಹಾಕಿಸಿಕೊಂಡ ಕ್ರ್ಯಾಕ್ ಮಾಡಿದ ತಂತ್ರಾಂಶಗಳು ಅಪ್‌ಡೇಟ್ ಆದರೆ ಕೆಲಸ ನಿಲ್ಲಿಸಬಹುದೆಂಬ ಭಯದಿಂದಲೇ ಅವನು ಹಾಗೆ ಮಾಡಿದ್ದು. ಆ ಕ್ರ್ಯಾಕ್ ಹಾಕುವಾಗ ಆಂಟಿವೈರಸ್ ತಡೆಯುತ್ತದೆಂದು, ಆ ಫೋಲ್ಡರನ್ನು ನೋಡಲೇಬೇಡ ಎಂದು ಅದಕ್ಕೂ ಹೇಳಿಟ್ಟಿದ್ದ. ಅಂದರೆ ಮನೆಯ ಕಾವಲಿಗೆ ನಿಲ್ಲಿಸಿದವನಿಗೆ ನಾವೇ ಕಣ್ಣು ಮುಚ್ಚಿಕೊಳ್ಳಲು ಹೇಳಿದಂತಾಗಿತ್ತು. ಅವನನ್ನು ದೂರಿ ಪ್ರಯೋಜನವಿಲ್ಲ. ಅಂದು ಅಸಲಿ ಪರವಾನಗಿಗೆ ಹಣ ಹಾಕಲು ಹಿಂಜರಿದವನು ನಾನು.

ಫೈಲನ್ನು ಬರೀ ತೆರೆದ ಮಾತ್ರಕ್ಕೆ ಇಷ್ಟೆಲ್ಲ ಹೇಗಾಗುತ್ತದೆ ಎಂಬುದು ಆ ದಿನ ನನಗೆ ಅರ್ಥವಾಗದ ವಿಷಯವಾಗಿತ್ತು. ಏನನ್ನೂ ಇನ್‌ಸ್ಟಾಲ್ ಮಾಡಲಿಲ್ಲ, ಯಾವ ಒಟಿಪಿಯನ್ನೂ ಯಾರಿಗೂ ಕೊಡಲಿಲ್ಲ. ಆ ಪರಿಚಿತರು ವಿವರಿಸಿದ್ದು ಹೀಗೆ: ಲಕ್ಷಾಂತರ ಸಾಲುಗಳ ತಂತ್ರಾಂಶದಲ್ಲಿ ಬರೆದವರ ಕಣ್ತಪ್ಪಿನಿಂದ ಅಲ್ಲಲ್ಲಿ ದೋಷಗಳು ಉಳಿದುಬಿಡುತ್ತವೆ, ಅವುಗಳಲ್ಲಿ ಕೆಲವು ಎಂಥವೆಂದರೆ, ಒಂದು ಫೈಲನ್ನು ಬೇಕೆಂದೇ ವಕ್ರವಾಗಿ ತಯಾರಿಸಿ ಕಳುಹಿಸಿದರೆ, ಅದನ್ನು ಓದಲು ಹೊರಟ ತಂತ್ರಾಂಶವು ಅದರೊಳಗಿನ ಮಾತುಗಳನ್ನು ಅಕ್ಷರವೆಂದು ತೋರಿಸುವ ಬದಲು ಆಜ್ಞೆಯೆಂದು ಪಾಲಿಸಿಬಿಡುತ್ತದೆ. ಇದಕ್ಕೆ ಜಗತ್ತಿಗೆಲ್ಲ ಗೊತ್ತಿರುವ ಉದಾಹರಣೆ ವರ್ಡ್‌ನಲ್ಲಿ ಗಣಿತದ ಸಮೀಕರಣ ಬರೆಯಲು ಇದ್ದ ಒಂದು ಸಣ್ಣ ಭಾಗ. 2000ನೇ ಇಸವಿಯಲ್ಲಿ ಸಿದ್ಧವಾದ ಆ ಭಾಗದ ದೋಷ 17 ವರ್ಷ ಹಾಗೆಯೇ ಉಳಿದು, 2017ರ ನವೆಂಬರಿನಲ್ಲಿ ಮುಚ್ಚಲ್ಪಟ್ಟಿತು. 2018ರ ಜನವರಿಯಲ್ಲಿ ಆ ಭಾಗವನ್ನೇ ತೆಗೆದುಹಾಕಲಾಯಿತು. ಆದರೂ ಅದಾದ ಮೇಲೆ ವರ್ಷಗಟ್ಟಲೆ ಕಳ್ಳರು ಅದೇ ದೋಷವನ್ನು ಬಳಸುತ್ತಲೇ ಬಂದರು, ಏಕೆಂದರೆ ಅಪ್‌ಡೇಟ್ ಮಾಡಿಕೊಳ್ಳದ ಕಂಪ್ಯೂಟರುಗಳು ಎಲ್ಲೆಡೆ ಸಿಗುತ್ತಿದ್ದವು.

ನನ್ನನ್ನು ಹೆಚ್ಚು ತಟ್ಟಿದ್ದು ಇನ್ನೊಂದು ಮಾತು. ದೋಷವೊಂದಕ್ಕೆ ತೇಪೆಯನ್ನು, ಅಂದರೆ ಅದನ್ನು ಸರಿಪಡಿಸುವ ಅಪ್‌ಡೇಟನ್ನು, ಬಿಡುಗಡೆ ಮಾಡಿದ ದಿನದಿಂದ ಅಪಾಯ ಕಡಿಮೆಯಾಗುತ್ತದೆ ಎಂದು ನಾನು ತಿಳಿದಿದ್ದೆ. ತೇಪೆ ಹಾಕಿಕೊಳ್ಳದವರ ಮಟ್ಟಿಗೆ ಅದು ಹೆಚ್ಚಾಗುತ್ತದೆ. ಹಳೆಯ ಆವೃತ್ತಿಯನ್ನೂ ಹೊಸದನ್ನೂ ಪಕ್ಕಪಕ್ಕದಲ್ಲಿಟ್ಟು ಹೋಲಿಸಿದರೆ, ಎಲ್ಲಿ ಬದಲಾಗಿದೆಯೋ ಅಲ್ಲಿಯೇ ತೂತು ಇತ್ತೆಂಬುದು ಬಲ್ಲವರಿಗೆ ತಿಳಿದುಹೋಗುತ್ತದೆ. 2017ರಲ್ಲಿ ನಡೆದ ವಾನಾಕ್ರೈ ಎಂಬ ರ‍್ಯಾನ್ಸಮ್‌ವೇರ್ ದಾಳಿಯನ್ನು ನೋಡಿ. ವಿಂಡೋಸ್‌ನ ಆ ದೋಷಕ್ಕೆ ಮಾರ್ಚ್ 14ರಂದೇ ಅಪ್‌ಡೇಟ್ ಬಂದಿತ್ತು; ಏಪ್ರಿಲಿನಲ್ಲಿ ಆ ದೋಷವನ್ನು ಬಳಸುವ ಸಾಧನವನ್ನು ಯಾರೋ ಬಹಿರಂಗಪಡಿಸಿದರು; ದಾಳಿ ನಡೆದದ್ದು ಮೇ 12ರಂದು. ನಡುವೆ 59 ದಿನಗಳ ಕಾಲಾವಕಾಶವಿತ್ತು. ಆದರೂ ಸುಮಾರು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳು ಅದರ ಬಾಯಿಗೆ ಬಿದ್ದವು, ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಚಿಕಿತ್ಸೆಗಳೇ ಮುಂದಕ್ಕೆ ಹೋದವು.

ನಮ್ಮ ಕಡೆ ಅಪ್‌ಡೇಟಿಗೆ ಹೆದರುವುದಕ್ಕೆ ನಿಜವಾದ ಕಾರಣಗಳಿವೆ, ಅವನ್ನು ಸೋಮಾರಿತನ ಎಂದು ತಳ್ಳಿಹಾಕಲು ನಾನು ಸಿದ್ಧನಿಲ್ಲ. ಮಳೆಗಾಲದಲ್ಲಿ ಅಪ್‌ಡೇಟ್ ಅರ್ಧಕ್ಕೆ ಬಂದಾಗ ಕರೆಂಟು ಹೋದರೆ, ಯುಪಿಎಸ್ ಹತ್ತೇ ನಿಮಿಷ ನಿಲ್ಲುವಂಥದ್ದಾದರೆ, ಕಂಪ್ಯೂಟರ್ ಮತ್ತೆ ಏಳದೆ ಹೋಗಬಹುದು. ಮೊಬೈಲಿನ ಇಂಟರ್ನೆಟ್ಟಿನಲ್ಲೇ ಕೆಲಸ ಮಾಡುವ ಹಳ್ಳಿಯವರಿಗೆ ಒಂದು ಅಪ್‌ಡೇಟ್ ಎಂದರೆ ದಿನದ ಡೇಟಾ ಮುಗಿದಂತೆ. ಕನ್ನಡ ಮುದ್ರಣದವರಿಗಂತೂ ಇನ್ನೊಂದು ಸಂಕಟವಿದೆ. ನಮ್ಮ ಹಳೆಯ ಪುಟಗಳೆಲ್ಲ ಪುಟ ಜೋಡಿಸುವ ಪೇಜ್‌ಮೇಕರ್ ತಂತ್ರಾಂಶದಲ್ಲಿ, ಎಲ್ಲ ಕಂಪ್ಯೂಟರುಗಳಿಗೂ ಒಂದೇ ಆದ ಯೂನಿಕೋಡ್ ಅಕ್ಷರ ವ್ಯವಸ್ಥೆ ಬರುವ ಮುಂಚಿನ ನುಡಿ ಅಕ್ಷರಗಳಲ್ಲಿ ಇವೆ. ಪೇಜ್‌ಮೇಕರಿನ ಕೊನೆಯ ಮುಖ್ಯ ಆವೃತ್ತಿ ಬಂದದ್ದು 2001ರಲ್ಲಿ. ಅದು ಯೂನಿಕೋಡ್ ಅರಿಯದು. ಅದಕ್ಕೋಸ್ಕರವೇ ನಾನು ಒಂದು ಕಂಪ್ಯೂಟರಿನಲ್ಲಿ ವಿಂಡೋಸ್ 7 ಅನ್ನು ಹಾಗೆಯೇ ಉಳಿಸಿಕೊಂಡಿದ್ದೆ, ಅದಕ್ಕೆ ಬೆಂಬಲ, ಅಂದರೆ ಸುರಕ್ಷತಾ ಅಪ್‌ಡೇಟ್ ಕೊಡುವುದು, 2020ರ ಜನವರಿ 14ರಂದೇ ಮುಗಿದಿದ್ದರೂ. ಹಳೆಯದನ್ನು ಉಳಿಸಿಕೊಂಡದ್ದು ಅನಿವಾರ್ಯವಾಗಿರಬಹುದು, ಆದರೆ ಅದನ್ನು ಇಂಟರ್ನೆಟ್ಟಿಗೂ ಉಳಿದ ಕಂಪ್ಯೂಟರುಗಳಿಗೂ ಜೋಡಿಸಿಟ್ಟದ್ದು ತಪ್ಪು. ಈಗ ಆ ಕಂಪ್ಯೂಟರು ಮೂಲೆಯಲ್ಲಿ ಒಂಟಿಯಾಗಿದೆ. ಅದರ ನೆಟ್ ಕೇಬಲನ್ನು ತೆಗೆದು, ಯಾರೂ ಮರೆತು ಮತ್ತೆ ಸಿಕ್ಕಿಸದಂತೆ ಆ ಕಿಂಡಿಗೆ ಕಪ್ಪು ಟೇಪು ಅಂಟಿಸಿದ್ದೇನೆ. ಅದರಿಂದ ಸಿದ್ಧವಾದ ಪಿಡಿಎಫ್ ಮಾತ್ರ ಅದಕ್ಕೇ ಮೀಸಲಿಟ್ಟ ಪೆನ್‌ಡ್ರೈವಿನಲ್ಲಿ ಹೊರಗೆ ಬರುತ್ತದೆ.

ಹಣ ಕೊಡುವ ವಿಷಯ. ಕೊಡಬೇಕೆಂದು ನನಗೆ ಒಂದು ರಾತ್ರಿ ಪೂರ್ತಿ ಅನಿಸಿತ್ತು, ಮನೆಯಲ್ಲಿ ಒಡವೆಯ ಮಾತೂ ಬಂದಿತ್ತು. ಶಿವಮೊಗ್ಗದ ಆ ಪರಿಚಿತರು ಖಡಾಖಂಡಿತವಾಗಿ ಬೇಡವೆಂದರು: ಕೊಟ್ಟ ಮೇಲೂ ಕೀಲಿ ಸಿಗುತ್ತದೆಂಬ ಖಾತರಿ ಇಲ್ಲ, ಒಮ್ಮೆ ಕೊಟ್ಟವರನ್ನು ಮತ್ತೆ ಹುಡುಕಿಕೊಂಡು ಬರುತ್ತಾರೆ. ಸೈಬರ್ ವಂಚನೆಯ ಸಹಾಯವಾಣಿಯಾದ 1930 ಸಂಖ್ಯೆಗೆ ಕರೆ ಮಾಡಿದೆವು, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ದಾಖಲಿಸಿದೆವು. ಯುರೋಪಿನ ಪೊಲೀಸ್ ಸಂಸ್ಥೆಯಾದ ಯುರೋಪೋಲ್ ಮತ್ತು ನೆದರ್ಲೆಂಡ್ಸ್ ಪೊಲೀಸರು ಸುರಕ್ಷತಾ ಸಂಸ್ಥೆಗಳೊಂದಿಗೆ ಸೇರಿ 2016ರಲ್ಲಿ ಆರಂಭಿಸಿದ 'ನೋ ಮೋರ್ ರ‍್ಯಾನ್ಸಮ್' ಎಂಬ ತಾಣವಿದೆ. ಬೀಗ ಬಿದ್ದ ಫೈಲಿನ ಮಾದರಿಯನ್ನು ಅಲ್ಲಿ ಕೊಟ್ಟರೆ, ಅದಕ್ಕೆ ಉಚಿತ ಕೀಲಿ ಲಭ್ಯವಿದೆಯೇ ಎಂದು ತಿಳಿಯುತ್ತದೆ. ನಮ್ಮ ಬೀಗಕ್ಕೆ ಅಲ್ಲಿ ಕೀಲಿ ಇರಲಿಲ್ಲ. ಆದರೂ ಆ ಹಾರ್ಡ್ ಡಿಸ್ಕನ್ನು ಅಳಿಸದೆ ಕವರಿನಲ್ಲಿ ಹಾಕಿ ಬೀರುವಿನಲ್ಲಿ ಇಟ್ಟಿದ್ದೇನೆ, ಏಕೆಂದರೆ ಕೆಲವು ಬೀಗಗಳ ಕೀಲಿಗಳು ತಡವಾಗಿಯಾದರೂ ಸಿಕ್ಕಿರುವುದುಂಟು. ನಿಮಗೆ ಇಂಥದ್ದು ಆದರೆ ಮೊದಲು ಮಾಡಬೇಕಾದದ್ದು ನೆಟ್ ಕೇಬಲ್ ಎಳೆಯುವುದು, ವೈಫೈ ಆರಿಸುವುದು; ಗಾಬರಿಯಲ್ಲಿ ಬ್ಯಾಕಪ್ ಡಿಸ್ಕನ್ನು ತಂದು ಅದೇ ಕಂಪ್ಯೂಟರಿಗೆ ಸಿಕ್ಕಿಸಬೇಡಿ.

ಈಗ ನಮ್ಮಲ್ಲಿ ಅಸಲಿ ವಿಂಡೋಸ್ 11 ಇದೆ. ವಿಂಡೋಸ್ 10ಕ್ಕೂ 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲ ಮುಗಿದಿರುವುದರಿಂದ ಅದನ್ನು ಬಳಸುತ್ತಿರುವವರು ಮುಂದಿನ ದಾರಿಯನ್ನು ಈಗಲೇ ಯೋಚಿಸಬೇಕು. ಪತ್ರ, ಲೆಕ್ಕಗಳಿಗೆ ಕ್ರ್ಯಾಕ್ ಮಾಡಿದ್ದನ್ನು ಬಿಟ್ಟು ಉಚಿತವಾಗಿಯೇ ಸಿಗುವ ಲಿಬ್ರೆ ಆಫೀಸ್ ಹಾಕಿಕೊಂಡಿದ್ದೇವೆ. ಒಗ್ಗಿಕೊಳ್ಳಲು ಎರಡು ವಾರ ಸಾಕಾಯಿತು. ಮೈಕ್ರೋಸಾಫ್ಟ್ ಪ್ರತಿ ತಿಂಗಳ ಎರಡನೇ ಮಂಗಳವಾರ ಸುರಕ್ಷತಾ ಅಪ್‌ಡೇಟುಗಳನ್ನು ಬಿಡುಗಡೆ ಮಾಡುತ್ತದೆ, ನಮ್ಮ ಗಡಿಯಾರದಲ್ಲಿ ಆಗ ರಾತ್ರಿಯಾಗಿರುತ್ತದೆ. ಹಾಗಾಗಿ ಮರುದಿನ ಬುಧವಾರ ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ, ಕರೆಂಟು ಇರುವಾಗಲೇ, ಒಂದಾದ ಮೇಲೊಂದರಂತೆ ಅಪ್‌ಡೇಟ್ ಮಾಡುತ್ತೇವೆ. ಒಂದು ಕಂಪ್ಯೂಟರಾದರೂ ಕೆಲಸಕ್ಕೆ ಉಳಿಯುತ್ತದೆ. ಬ್ರೌಸರಿನ ಮೂಲೆಯಲ್ಲಿ ಅಪ್‌ಡೇಟ್ ಎಂಬ ಸೂಚನೆ ಕಂಡರೆ ಬ್ರೌಸರನ್ನು ಮುಚ್ಚಿ ತೆರೆಯುವವರೆಗೂ ಹೊಸದು ಜಾರಿಗೆ ಬರುವುದಿಲ್ಲ ಎಂಬುದನ್ನು ತಿಳಿದಿರಲಿಲ್ಲ. ನಮ್ಮಲ್ಲಿ ವಾರಗಟ್ಟಲೆ ಬ್ರೌಸರನ್ನು ಮುಚ್ಚುತ್ತಲೇ ಇರಲಿಲ್ಲ.

ತಾವಾಗಿಯೇ ಅಪ್‌ಡೇಟ್ ಆಗದ ತಂತ್ರಾಂಶಗಳ ಬಗ್ಗೆ ವಿಶೇಷವಾಗಿ ಹೇಳಬೇಕು, ಏಕೆಂದರೆ ಅವುಗಳ ಬಗ್ಗೆ ಯಾರೂ ಯೋಚಿಸುವುದಿಲ್ಲ. ಜಿಪ್ ಬಿಚ್ಚಲು ಎಲ್ಲರೂ ಬಳಸುವ ವಿನ್‌ರಾರ್ ಅಂಥದ್ದೊಂದು. ಅದರ ಹಳೆಯ ಆವೃತ್ತಿಯಲ್ಲಿ, ಕಟ್ಟಿನೊಳಗಿನ ಚಿತ್ರವೊಂದನ್ನು ನೋಡಲೆಂದು ಒತ್ತಿದರೆ ಅದೇ ಹೆಸರಿನ ಫೋಲ್ಡರಿನಲ್ಲಿ ಅಡಗಿಸಿಟ್ಟ ಬೇರೆಯದೇ ತಂತ್ರಾಂಶ ಓಡುವಂಥ ದೋಷವಿತ್ತು. 2023ರ ಏಪ್ರಿಲಿನಿಂದಲೇ ಕಳ್ಳರು ಅದನ್ನು ಬಳಸುತ್ತಿದ್ದರು, ಆಗಸ್ಟಿನಲ್ಲಿ 6.23 ಆವೃತ್ತಿಯಲ್ಲಿ ಅದನ್ನು ಸರಿಪಡಿಸಲಾಯಿತು. ಆ ಹೊಸ ಆವೃತ್ತಿಯನ್ನು ನಾವೇ ಹೋಗಿ ಅಧಿಕೃತ ತಾಣದಿಂದ ತಂದು ಹಾಕಿಕೊಳ್ಳಬೇಕು, ಅದು ತಾನಾಗಿ ಬರುವುದಿಲ್ಲ. ಫೋಟೋಗಳ ಜಿಪ್ ದಿನವೂ ಬರುವ ಸ್ಟುಡಿಯೋದವರು, ಆಲ್ಬಮ್ ವಿನ್ಯಾಸ ಮಾಡುವವರು ಇಂದೇ ತಮ್ಮಲ್ಲಿರುವ ಆವೃತ್ತಿಯ ಸಂಖ್ಯೆಯನ್ನು ನೋಡಿಕೊಳ್ಳಿ. ಬಳಸದೇ ಉಳಿದ ತಂತ್ರಾಂಶಗಳನ್ನು ತೆಗೆದುಬಿಡಿ. ಇಲ್ಲದ ತಂತ್ರಾಂಶಕ್ಕೆ ದೋಷವೂ ಇಲ್ಲ. ವೈಫೈ ಪೆಟ್ಟಿಗೆಯ ಜೊತೆ ಬಂದ ಪಾಸ್‌ವರ್ಡನ್ನೂ ಬದಲಿಸಿ.

ಸಹಕಾರ ಸಂಘವೊಂದರ 48 ಪುಟಗಳ ವರದಿಯನ್ನು ಹಿಂದಿನ ವರ್ಷದ ಪ್ರತಿ ಮತ್ತು ಲೆಕ್ಕಪರಿಶೋಧಕರ ಕಾಗದಗಳನ್ನು ನೋಡಿ ಮೂರು ರಾತ್ರಿಗಳಲ್ಲಿ ಮತ್ತೆ ಟೈಪ್ ಮಾಡಿ ಸಭೆಗೆ ಹಿಂದಿನ ದಿನ ಕೊಟ್ಟೆವು. ಮದುವೆ ಪತ್ರಿಕೆಗಳ ವಿನ್ಯಾಸಗಳು ಹೋದವು, ಅವನ್ನು ಮತ್ತೆ ಮಾಡಿಕೊಳ್ಳಬಹುದು. ನನಗೆ ತಡೆಯಲಾಗದ್ದು ನಿವೃತ್ತ ಮೇಷ್ಟರೊಬ್ಬರ ಪುಸ್ತಕ. ತಮ್ಮ ಊರಿನ ಮನೆತನಗಳು, ಕೆರೆಗಳು, ಕೊಳೆರೋಗ ಬಂದ ವರ್ಷಗಳು, ದೇವರ ಕಾಡಿನ ಮರಗಳು, ಇಷ್ಟನ್ನೆಲ್ಲ ಅವರು ಹನ್ನೊಂದು ನೋಟ್‌ಪುಸ್ತಕಗಳಲ್ಲಿ ಬರೆದಿದ್ದರು. ಟೈಪ್ ಮಾಡಿ 212 ಪುಟಗಳಾಗಿದ್ದವು. ಮೂರು ಸಲ ಕರಡು ತಿದ್ದಿದ್ದರು. ನೋಟ್‌ಪುಸ್ತಕಗಳು ಅವರ ಬಳಿ ಉಳಿದಿದ್ದವು, ಆದರೆ ಕೆಂಪು ಶಾಯಿಯಲ್ಲಿ ತಿದ್ದಿದ ಹಾಳೆಗಳನ್ನು, ತಿದ್ದುಪಡಿ ಸೇರಿಸಿ ಆಯಿತಲ್ಲ ಎಂದು, ನಾವೇ ರದ್ದಿಗೆ ಹಾಕಿದ್ದೆವು. ವಿಷಯ ತಿಳಿಸಲು ನಾನೇ ಅವರ ಮನೆಗೆ ಹೋದೆ. ಅವರು ಸ್ವಲ್ಪ ಹೊತ್ತು ಜಗಲಿಯ ಕಂಬಕ್ಕೆ ಒರಗಿ ಕುಳಿತು, "ಕಣ್ಣು ಮೊದಲಿನ ಹಾಗಿಲ್ಲ ಮಾರಾಯ. ಆದ್ರೂ ನೀನು ಓದಿ ಹೇಳು, ನಾನು ಎಲ್ಲಿ ತಿದ್ದಿದ್ದೆ ಅಂತ ನೆನಪು ಮಾಡ್ಕೊಳ್ತೀನಿ" ಎಂದರು.

ಈಗ ಸೋಮವಾರ ಮತ್ತು ಗುರುವಾರ ಮಧ್ಯಾಹ್ನ ಅವರು ಬಸ್ಸಿನಲ್ಲಿ ಬರುತ್ತಾರೆ. ಹುಡುಗಿ ಓದುತ್ತಾಳೆ, ಅವರು ಕಣ್ಣು ಮುಚ್ಚಿ ಕೇಳಿಸಿಕೊಂಡು ನಡುನಡುವೆ ಕೈ ಎತ್ತಿ ನಿಲ್ಲಿಸುತ್ತಾರೆ. ನಿನ್ನೆ 90ನೇ ಪುಟ ಮುಗಿಯಿತು. ಆ ದಿನದ ಕೆಲಸವನ್ನು ಎರಡು ಡಿಸ್ಕುಗಳಿಗೆ ಪ್ರತಿ ಮಾಡಿ, ಎರಡನ್ನೂ ಕಂಪ್ಯೂಟರಿನಿಂದ ಬಿಚ್ಚಿ, ಒಂದನ್ನು ಅಂಗಡಿಯ ಬೀರುವಿನಲ್ಲಿಟ್ಟು ಇನ್ನೊಂದನ್ನು ಸಂಜೆ ಮನೆಗೆ ತೆಗೆದುಕೊಂಡು ಹೋಗುತ್ತೇನೆ.