ಆಕ್ಸೈಡ್ ಪ್ರಯೋಗದ ಶಾಲಾ ಕಿಟ್: ಸಾಮಾನು ಚೆನ್ನಾಗಿದೆ, ಕೈಪಿಡಿ ನಂಬಬೇಡಿ

ಲೋಹ–ಅಲೋಹ ಪಾಠಕ್ಕೆಂದು ಆನ್‌ಲೈನ್‌ನಲ್ಲಿ ಮಾರುವ ಕಿಟ್ ಇದು. ಒಳಗೆ ಮೆಗ್ನೀಸಿಯಂ ಪಟ್ಟಿ, ಗಂಧಕದ ಪುಡಿ, ತಾಮ್ರದ ಆಕ್ಸೈಡ್, ಸತುವಿನ ಆಕ್ಸೈಡ್, ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲ, ಉರಿಸುವ ಚಮಚ, ಮುಚ್ಚಳದ ಗಾಜಿನ ಜಾಡಿ, ಎರಡೂ ಬಣ್ಣದ ಲಿಟ್ಮಸ್ (ಆಮ್ಲದಲ್ಲಿ ಕೆಂಪಾಗುವ, ಪ್ರತ್ಯಾಮ್ಲದಲ್ಲಿ ನೀಲಿಯಾಗುವ ಕಾಗದ) ಇವೆ.

ಮೆಗ್ನೀಸಿಯಂ ಒಳ್ಳೆಯದೇ. ಮೇಲಿನ ಮಬ್ಬು ಪದರವನ್ನು ಮರಳು ಕಾಗದದಿಂದ ಉಜ್ಜಿ, 2 ಸೆಂ.ಮೀ. ತುಂಡನ್ನು ಇಕ್ಕಳದಲ್ಲಿ ಹಿಡಿದರೆ ಸ್ಪಿರಿಟ್ ದೀಪಕ್ಕೇ ಹೊತ್ತಿಕೊಳ್ಳುತ್ತದೆ. ಆ ಬೆಳಕನ್ನು ನೇರ ನೋಡಬಾರದು. ನೀರು ಹಾಕಿ ಆರಿಸಲೂ ಬಾರದು, ಪಕ್ಕದಲ್ಲಿ ಒಣ ಮರಳಿರಲಿ. ಬಿಳಿ ಬೂದಿಯನ್ನು 2 ಮಿ.ಲೀ. ಬಿಸಿನೀರಲ್ಲಿ ಚೆನ್ನಾಗಿ ಕದಡಿ. ಅದು ಕರಗುವುದೇ ಅತ್ಯಲ್ಪ, ಲೋಟದ ತುಂಬ ತಣ್ಣೀರು ತೆಗೆದುಕೊಂಡರೆ ಕೆಂಪು ಲಿಟ್ಮಸ್ ನೀಲಿಯಾಗಲು ಸತಾಯಿಸುತ್ತದೆ.

ಚಮಚ ಉಕ್ಕಿನದು. ಬಿಸಿ ಗಂಧಕ ತಾಮ್ರವನ್ನು ಬೇಗ ತಿನ್ನುವುದರಿಂದ ಇದು ಸರಿಯಾದ ಆಯ್ಕೆ. ಚಿಟಿಕೆ ಗಂಧಕ ಸಾಕು. ನೀಲಿ ಜ್ವಾಲೆ ಕಂಡ ಕೂಡಲೇ ಸ್ವಲ್ಪ ನೀರಿರುವ ಜಾಡಿಗೆ ಇಳಿಸಿ ಮುಚ್ಚಿ. ಉರಿ ಆರಿದ ಮೇಲೆ ಚಮಚ ತೆಗೆದು, ಮತ್ತೆ ಮುಚ್ಚಿ ಅಲುಗಾಡಿಸಿದರೆ ಸಲ್ಫ್ಯೂರಸ್ ಆಮ್ಲ ಸಿದ್ಧ, ನೀಲಿ ಲಿಟ್ಮಸ್ ಕೆಂಪಾಗುತ್ತದೆ. ಇದನ್ನು ಬಯಲಲ್ಲೇ ಮಾಡಿ. ಉಬ್ಬಸವಿರುವ ಮಕ್ಕಳು ದೂರವಿರಲಿ.

ದೊಡ್ಡ ತಪ್ಪಿರುವುದು ಕೈಪಿಡಿಯಲ್ಲಿ. ತಾಮ್ರದ ಆಕ್ಸೈಡನ್ನು ನೀರಿಗೆ ಹಾಕಿದರೆ ಕೆಂಪು ಲಿಟ್ಮಸ್ ನೀಲಿಯಾಗುತ್ತದೆ ಎಂದು ಅಚ್ಚು ಹಾಕಿದ್ದಾರೆ. ಆಗುವುದಿಲ್ಲ! ಬಹುಪಾಲು ಲೋಹಗಳ ಆಕ್ಸೈಡ್ ನೀರಲ್ಲಿ ಕರಗುವುದಿಲ್ಲ, ಕರಗದಿದ್ದರೆ ಲಿಟ್ಮಸ್‌ಗೆ ಸುಳಿವೇ ಸಿಗುವುದಿಲ್ಲ. ಪಾಪ, ಮಕ್ಕಳು ಅದನ್ನು ತಟಸ್ಥ ಆಕ್ಸೈಡ್ ಎಂದು ಬರೆದುಬಿಡುತ್ತಾರೆ. ಪ್ರತ್ಯಾಮ್ಲ ಗುಣ ಕಾಣಬೇಕಾದರೆ ಆಮ್ಲವೇ ಬೇಕು: ಪ್ರನಾಳದಲ್ಲಿ 5 ಮಿ.ಲೀ. ಆಮ್ಲಕ್ಕೆ ಕಡಲೆಕಾಳಿನ ಕಾಲುಭಾಗದಷ್ಟು ಪುಡಿ ಹಾಕಿ ಮೆಲ್ಲಗೆ ಬಿಸಿ ಮಾಡಿ. ಕಪ್ಪು ಕರಗಿ ದ್ರಾವಣ ನೀಲಿ–ಹಸಿರಾಗುತ್ತದೆ. ಅದು ತಾಮ್ರದ ಕ್ಲೋರೈಡ್.

ಸತುವಿನ ಆಕ್ಸೈಡ್ ಉಭಯಧರ್ಮಿ, ಅಂದರೆ ಆಮ್ಲ, ಪ್ರತ್ಯಾಮ್ಲ ಎರಡರ ಜೊತೆಗೂ ವರ್ತಿಸುತ್ತದೆ. ಆದರೆ ಕಿಟ್‌ನಲ್ಲಿ ಸೋಡಿಯಂ ಹೈಡ್ರಾಕ್ಸೈಡ್ ಎಂಬ ಪ್ರತ್ಯಾಮ್ಲ ಇಲ್ಲದ್ದರಿಂದ ಆಮ್ಲದ ಜೊತೆಗಿನ ಅರ್ಧ ಮಾತ್ರ ತೋರಿಸಬಹುದು.

ಲಿಟ್ಮಸ್ ಅನ್ನು ಆಮ್ಲದ ಬಾಟಲಿಯ ಪಕ್ಕದಲ್ಲೇ ತುರುಕಿದ್ದಾರೆ. ಆವಿ ತಗುಲಿ ನೀಲಿ ಹಾಳೆಯ ಅಂಚು ಆಗಲೇ ಕೆಂಪಾಗಿತ್ತು. ಹಾಗಾಗಿ ಲಿಟ್ಮಸ್ ಬೇರೆ ಕೊಳ್ಳಿ, ಗಾಳಿಯಾಡದ ಡಬ್ಬಿಯಲ್ಲಿಡಿ. ಬೋರ್‌ವೆಲ್ ನೀರೂ ಬೇಡ, ಅದರ ಬೈಕಾರ್ಬೊನೇಟ್‌ನಿಂದ ಬೂದಿ ಹಾಕುವ ಮೊದಲೇ ಕೆಂಪು ಲಿಟ್ಮಸ್ ನೀಲಿಗೆ ತಿರುಗಬಹುದು. ಭಟ್ಟಿ ಇಳಿಸಿದ ನೀರು ಬಳಸಿ, ಬರೀ ನೀರಿಗೆ ಒಂದು ಪಟ್ಟಿ ಅದ್ದಿ ನೋಡಿಕೊಂಡೇ ಶುರುಮಾಡಿ.