ಎರಡನೇ ಕೀಪರ್‌ಗೆ ತಂದ ಗ್ಲೌಸ್

ನಾನು ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವವನು. ಯಾವ ಬಟ್ಟೆ ಕೈಗೆ ಬಂದರೂ ಮೊದಲು ಒಳಮಗ್ಗುಲು ತಿರುಗಿಸಿ ಹೊಲಿಗೆ ನೋಡುತ್ತೇನೆ. ಮಗಳಿಗೆ ತಂದ ಗೋಲ್‌ಕೀಪರ್ ಗ್ಲೌಸನ್ನೂ ಹಾಗೇ ನೋಡಿದೆ. ಬೆರಳಿನ ಹೊಲಿಗೆ ಒಳಗಡೆ ಇದೆ. ಅದಕ್ಕೇ ಗ್ಲೌಸ್ ಕೈಗೆ ಅಂಟಿದಂತೆ ಕೂರುತ್ತದೆ. ದಾರ ಎಲ್ಲೂ ಸಡಿಲ ಇಲ್ಲ. ಹೆಬ್ಬೆರಳಿನ ಬುಡದಲ್ಲಿ ಎರಡು ಸಾಲು ಹೊಲಿದಿದ್ದಾರೆ. ಎಳೆತ ಬೀಳುವುದು ಅಲ್ಲೇ, ಹಾಗಾಗಿ ಎರಡು ಸಾಲು ಬೇಕೇ ಬೇಕು. 1,350 ರೂಪಾಯಿಗೆ ಇಷ್ಟು ಕೆಲಸ ಸಿಕ್ಕಿದ್ದು ನನಗೆ ಸಮಾಧಾನ ತಂದಿದೆ.

ಇದಕ್ಕೂ ಮೊದಲು ಫೋನಿನಲ್ಲಿ ಆರ್ಡರ್ ಮಾಡಿ 400 ರೂಪಾಯಿಯದ್ದು ತರಿಸಿದ್ದೆ. ಮೂರೇ ವಾರಕ್ಕೆ ಅಂಗೈ ಕಡೆಯ ಫೋಮ್ ಸಿಪ್ಪೆ ಬಿಟ್ಟಿತು. ನಮ್ಮ ಮೈದಾನಗಳು ಗೊತ್ತಲ್ಲ, ಹುಲ್ಲಿಲ್ಲ, ಬರೀ ಗರಸು ಮಣ್ಣು. ಅಗ್ಗದ್ದು ಆರಿಸಿದ್ದು ನಾನೇ. ಅವಳು ಶಾಲೆಯ ತಂಡದಲ್ಲಿ ಎರಡನೇ ಕೀಪರ್, ಆಡುವುದಕ್ಕಿಂತ ಕೂರುವುದೇ ಜಾಸ್ತಿ, ಇಷ್ಟು ಸಾಕು ಅಂದುಕೊಂಡಿದ್ದೆ. ಆದರೆ ಪ್ರಾಕ್ಟೀಸಿನಲ್ಲಿ ಇಬ್ಬರು ಕೀಪರ್‌ಗಳಿಗೂ ಬೀಳುವ ಹೊಡೆತ ಒಂದೇ ಅಲ್ವಾ? ಅದು ನನಗೆ ಹೊಳೆದದ್ದು ಅವಳ ಬೆರಳು ಊದಿಕೊಂಡ ಮೇಲೆ.

ಈ ಹೊಸ ಗ್ಲೌಸ್ ತಂದ ಅಂಗಡಿ ಇರುವುದು ಬೆಂಗಳೂರು ರಸ್ತೆಯ ಕಡೆ. ಚಿಕ್ಕದು. ಕ್ಯಾರಂ ಬೋರ್ಡು, ಶಟಲ್ ರಾಕೆಟ್, ಕ್ರಿಕೆಟ್ ಬ್ಯಾಟುಗಳ ನಡುವೆ ಫುಟ್‌ಬಾಲ್ ಸಾಮಾನಿಗೆ ಒಂದೇ ಗೋಡೆ. ಮಾಲೀಕರು ಮೊದಲು ಟೇಪು ತಗೊಂಡರು. ಗೆಣ್ಣುಗಳ ಕೆಳಗೆ ಅಂಗೈ ಸುತ್ತ ಅಳೆದರು. ಆರಿಂಚು ಬಂತು. ಅದಕ್ಕೆ ಒಂದು ಸೇರಿಸಿ ಏಳನೇ ಸೈಜ್ ಅಂದರು. ನಾನು ಟೇಪು ಹಿಡಿಯುವವನೇ ಆದರೂ ಈ ಲೆಕ್ಕ ಗೊತ್ತಿರಲಿಲ್ಲ.

"ಯಾವ ಜಾಗದಾಗ ಆಡ್ತೀಯವ್ವಾ?" ಅಂತ ಕೇಳಿದರು. "ಕೀಪರ್ ರೀ. ಎರಡನೇ ಕೀಪರ್," ಅಂದಳು. ಕೊನೆಯ ಮಾತು ನನಗೇ ಸರಿಯಾಗಿ ಕೇಳಿಸಲಿಲ್ಲ.

"ಎರಡನೇದಾದ್ರೇನು? ನುನೊ ಎಸ್ಪಿರಿಟೊ ಸಾಂಟೊ ಅಂತ ಪೋರ್ಚುಗಲ್‌ನವರು ಒಬ್ಬರು ಅದಾರ. ಮನಿಗೆ ಹೋಗಿ ಅವರ ಕಥಿ ಓದು," ಅಂದರು. ಹೆಸರನ್ನು ಬಿಲ್ಲಿನ ಹಿಂದೆ ಬರೆದೂ ಕೊಟ್ಟರು.

ಆ ರಾತ್ರಿ ಅಪ್ಪ ಮಗಳು ಇಬ್ಬರೂ ಕೂತು ಓದಿದೆವು. ನುನೊ ಹುಟ್ಟಿದ್ದು 1974ರಲ್ಲಿ, ಸಾವೊ ಟೋಮೆ ದ್ವೀಪದಲ್ಲಿ. 2002ರಲ್ಲಿ ಪೋರ್ಚುಗಲ್‌ನ ಪೋರ್ಟೊ ತಂಡಕ್ಕೆ ಬಂದರು. ಅಲ್ಲಿ ಮೊದಲ ಕೀಪರ್ ವಿಟೊರ್ ಬಾಯಿಯಾ, ಆ ದೇಶದ ದೊಡ್ಡ ಹೆಸರು. 2004ರಲ್ಲಿ ಪೋರ್ಟೊ ಮೊನಾಕೊವನ್ನು 3-0 ಇಂದ ಸೋಲಿಸಿ ಯುರೋಪಿನ ಕ್ಲಬ್‌ಗಳ ದೊಡ್ಡ ಕಪ್ಪಾದ ಚಾಂಪಿಯನ್ಸ್ ಲೀಗ್ ಗೆದ್ದಾಗ ನುನೊ ಬೆಂಚಿನ ಮೇಲಿದ್ದರು. ಅದೇ ವರ್ಷ ಡಿಸೆಂಬರ್‌ನಲ್ಲಿ ಜಪಾನಿನ ಯೋಕೊಹಾಮಾದಲ್ಲಿ ಇಂಟರ್‌ಕಾಂಟಿನೆಂಟಲ್ ಕಪ್, ಅಂದರೆ ಯುರೋಪ್ ಮತ್ತು ದಕ್ಷಿಣ ಅಮೆರಿಕದ ಚಾಂಪಿಯನ್ ತಂಡಗಳ ಪಂದ್ಯ. ಎದುರಿಗೆ ಕೊಲಂಬಿಯಾದ ಒನ್ಸೆ ಕಾಲ್ಡಾಸ್. ಆಟದ ನಡುವೆ ಬಾಯಿಯಾಗೆ ಎದೆನೋವು ಬಂತು. ನುನೊ ಒಳಗೆ ಹೋದರು. ಗೋಲೇ ಆಗದೆ ಪಂದ್ಯ ಪೆನಾಲ್ಟಿಗೆ ಹೋಯಿತು, ಪೋರ್ಟೊ 8-7 ಇಂದ ಗೆದ್ದಿತು. ಈ ಸಾಲನ್ನು ಮಗಳು ಎರಡು ಸಲ ಓದಿಸಿಕೊಂಡಳು.

ನನಗೆ ಮನಸ್ಸಿಗೆ ತಾಗಿದ್ದು ಬೇರೆ ಸಾಲು. 2008ರ ಯೂರೊ ಕಪ್ಪಿಗೆ ದೇಶದ ತಂಡದಿಂದ ಅವರಿಗೆ ಕರೆ ಬಂತು. ಆಗ ವಯಸ್ಸು 34. ಅದೂ ಇನ್ನೊಬ್ಬ ಕೀಪರ್‌ಗೆ ಪೆಟ್ಟಾಗಿದ್ದಕ್ಕೆ. ಆದರೆ ಪೋರ್ಚುಗಲ್ ಪರವಾಗಿ ಒಂದು ಪಂದ್ಯವನ್ನೂ ಆಡದೆ ಅವರ ಆಟದ ದಿನಗಳು ಮುಗಿದವು. ಇಂಥವರೇ ಆಮೇಲೆ ಕೋಚ್ ಆದರು. ಪೋರ್ಚುಗಲ್‌ನ ರಿಯೊ ಆವೆ ಅನ್ನುವ ಸಣ್ಣ ತಂಡವನ್ನು 2014ರಲ್ಲಿ ದೇಶದ ಎರಡೂ ಕಪ್ಪುಗಳ ಫೈನಲ್‌ಗೆ ತಂದರು. ಇಂಗ್ಲೆಂಡಿನ ವುಲ್ವ್ಸ್ ತಂಡವನ್ನು 2018ರಲ್ಲಿ ಎರಡನೇ ದರ್ಜೆಯ ಲೀಗ್ ಗೆಲ್ಲಿಸಿ ಪ್ರೀಮಿಯರ್ ಲೀಗ್‌ಗೆ ಏರಿಸಿದರು. ಅಲ್ಲಿ ಮೊದಲ ಎರಡು ವರ್ಷವೂ ಏಳನೇ ಸ್ಥಾನ. ಆಮೇಲೆ ಇಂಗ್ಲೆಂಡಿನದೇ ಟಾಟನ್‌ಹ್ಯಾಮ್ ತಂಡದಲ್ಲಿ ನಾಲ್ಕೇ ತಿಂಗಳಿಗೆ ಕೆಲಸ ಹೋಯಿತು. ಸುಮ್ನೆ ಕೂರಲಿಲ್ಲ. ಅಲ್ ಇತ್ತಿಹಾದ್‌ಗೆ 2023ರಲ್ಲಿ ಸೌದಿ ಲೀಗ್ ಗೆದ್ದು ಕೊಟ್ಟರು. ಪ್ರೀಮಿಯರ್ ಲೀಗ್‌ನಲ್ಲಿ ಹಿಂದಿನ ವರ್ಷ 17ನೇ ಸ್ಥಾನದಲ್ಲಿದ್ದ ನಾಟಿಂಗ್‌ಹ್ಯಾಮ್ ಫಾರೆಸ್ಟ್ ತಂಡವನ್ನು 2025ರಲ್ಲಿ ಏಳನೇ ಸ್ಥಾನಕ್ಕೆ ಮುಟ್ಟಿಸಿದರು. ಬೆಂಚಿನ ಮೇಲೆ ಕೂತು ಅಷ್ಟು ವರ್ಷ ಆಟ ನೋಡಿದ್ದು ಅವರಿಗೆ ಕೆಲಸಕ್ಕೆ ಬಂದಿರಬೇಕು ಅಂತ ನನಗೆ ಅನ್ನಿಸುತ್ತದೆ.

ಮತ್ತೆ ಗ್ಲೌಸಿಗೆ ಬರುತ್ತೇನೆ. ಐದು ತಿಂಗಳಾಯಿತು. ಅಂಗೈ ಭಾಗದ ಲೇಟೆಕ್ಸ್ ಇನ್ನೂ ಹಿಡಿತ ಕೊಡುತ್ತಿದೆ. ಬಲಗೈ ಗ್ಲೌಸಿನ ಬುಡ ಮಾತ್ರ ಸವೆದಿದೆ. ಬಿದ್ದ ಮೇಲೆ ಅಂಗೈ ಊರಿ ಏಳಬೇಡ, ಮುಷ್ಟಿ ಊರು ಅಂತ ಅಂಗಡಿಯವರು ಹೇಳಿಕೊಟ್ಟಿದ್ದರು. ಅದು ರೂಢಿಯಾಗಲು ಅವಳಿಗೆ ಒಂದು ತಿಂಗಳು ಹಿಡಿಯಿತು. ಆಡುವ ಮುಂಚೆ ಅಂಗೈ ಭಾಗ ಸ್ವಲ್ಪ ಒದ್ದೆ ಮಾಡಬೇಕು. ಆಡಿದ ಮೇಲೆ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆಯಬೇಕು, ಸೋಪಿನ ಪುಡಿ ಬೇಡ. ಒಣಗಿಸುವುದು ನೆರಳಿನಲ್ಲೇ. ನಮ್ಮೂರ ಏಪ್ರಿಲ್ ಬಿಸಿಲಿಗೆ ಮಾಳಿಗೆ ಮೇಲೆ ಹಾಕಿದರೆ ಲೇಟೆಕ್ಸ್ ಬಿರುಕು ಬಿಡುತ್ತದೆ.

ಕೊರತೆ ಅಂದರೆ ಮಣಿಕಟ್ಟಿನ ಪಟ್ಟಿ. ವೆಲ್ಕ್ರೋ ಗಟ್ಟಿ ಇದೆ, ಆದರೆ ಪಟ್ಟಿಯ ಬುಡಕ್ಕೆ ಒಂದೇ ಸಾಲು ಹೊಲಿಗೆ. ಪ್ರತಿ ಸಲ ಎಳೆಯುವ ಜಾಗಕ್ಕೆ ಒಂದು ಸಾಲು ಸಾಲದು. ಎರಡನೇ ತಿಂಗಳಿಗೇ ಬಿಚ್ಚಿತು. ಜೀನ್ಸ್ ಜೇಬಿನ ಮೂಲೆಗೆ ಹಾಕುವ ಹಾಗೆ ಬಾರ್‌ಟ್ಯಾಕ್, ಅಂದರೆ ಒತ್ತೊತ್ತಾದ ಗಟ್ಟಿ ಹೊಲಿಗೆ, ಹಾಕಿ ಕೊಟ್ಟೆ, ಈಗ ಅಲ್ಲಾಡುವುದಿಲ್ಲ. ನೀವು ತಗೊಂಡರೆ ಹೊಸದರಲ್ಲೇ ಗೊತ್ತಿರುವ ಟೈಲರ್ ಹತ್ತಿರ ಹಾಕಿಸಿಕೊಳ್ಳಿ, ಹತ್ತು ನಿಮಿಷದ ಕೆಲಸ. ಅಂಗಡಿಯವರದ್ದೂ ಒಂದು ತಪ್ಪಿದೆ. ಐದು ದಿನಕ್ಕೆ ಸೈಜ್ ತರಿಸಿಕೊಡುತ್ತೇನೆ ಅಂದವರು ಹನ್ನೊಂದು ದಿನ ಮಾಡಿದರು. ಎರಡು ಸಲ ಸುಮ್ನೆ ಹೋಗಿ ಬಂದೆವು. ಮೊದಲು ಫೋನ್ ಮಾಡಿ ಹೋಗಿ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಬಾಗಿಲು ಹಾಕಿರುತ್ತದೆ.

ಮಗಳು ಈಗಲೂ ಎರಡನೇ ಕೀಪರೇ. ಪಂದ್ಯ ಶುರುವಾಗುವ ಮುಂಚೆ ನೀರಿನ ಬಾಟಲಿ ತೆರೆದು ಎರಡೂ ಗ್ಲೌಸ್ ಒದ್ದೆ ಮಾಡಿಕೊಂಡೇ ಬೆಂಚಿನ ಮೇಲೆ ಕೂರುತ್ತಾಳೆ. ಕೈ ಬೆಳೆಯುತ್ತಿದೆ. ಬರುವ ಜೂನ್‌ಗೆ ಎಂಟನೇ ಸೈಜ್ ಬೇಕಾಗಬಹುದು, ಈ ಸಲ ಮೇ ತಿಂಗಳಲ್ಲೇ ಹೇಳಿ ಇಡುತ್ತೇನೆ.